ನಾಲಗೆಗೆ ಸುಂಕ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಮಾತು. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬುದನ್ನು ಬಲ್ಲವನು ವೈದ್ಯನ ಬಾಗಿಲನ್ನು ಅಷ್ಟಾಗಿ ತಟ್ಟಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಈ ತಿಳಿವಳಿಕೆಯನ್ನು ಮಕ್ಕಳಿಗೆ ಕೊಡುವ ಹೊಣೆಯನ್ನು ಬಹುಕಾಲ ಮನೆಯೇ ಹೊತ್ತಿತ್ತು. ಈಚಿನ ದಶಕಗಳಲ್ಲಿ ಸರ್ಕಾರಗಳೂ ಆ ಹೊಣೆಯಲ್ಲಿ ಪಾಲುಗೊಳ್ಳತೊಡಗಿವೆ. ದೇಹಕ್ಕೆ ಕೆಡುಕು ಮಾಡುವ ತಿಂಡಿಗಳ ಮೇಲೆ, ಪಾನೀಯಗಳ ಮೇಲೆ ಹೆಚ್ಚು ತೆರಿಗೆ ಹಾಕಿದರೆ ಅವುಗಳ ಬೆಲೆ ಏರುತ್ತದೆ; ಬೆಲೆ ಏರಿದರೆ ಕೊಳ್ಳುವವರು ಹಿಂಜರಿಯುತ್ತಾರೆ; ಹಾಗೆ ಹಿಂಜರಿಯುತ್ತ ಒಳ್ಳೆಯ ಆಹಾರದ ಕಡೆಗೆ ತಿರುಗುತ್ತಾರೆ ಎಂಬ ವಾದ ಜಗತ್ತಿನ ಹಲವು ದೇಶಗಳಲ್ಲಿ ಕೇಳಿಬರುತ್ತಿದೆ. ಈ ವಾದ ಎಷ್ಟರ ಮಟ್ಟಿಗೆ ನಿಜ? ಸುಂಕದಿಂದ ಮನುಷ್ಯನ ನಾಲಗೆಯನ್ನು ತಿದ್ದಲು ಸಾಧ್ಯವೆ? ಈ ಪ್ರಶ್ನೆಯನ್ನು ಸಾವಧಾನವಾಗಿ ಪರಿಶೀಲಿಸೋಣ.

ಮೊದಲು ನಮ್ಮ ಸುತ್ತಲಿನ ನೆಲವನ್ನೇ ನೋಡೋಣ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆಯನ್ನು ನಂಬಿ ಬದುಕುವ ಬಯಲುಸೀಮೆ. ಶಿರಾ ತಾಲ್ಲೂಕಿನ ಹುಲಿಕುಂಟೆಯಂಥ ಹೋಬಳಿಗಳಲ್ಲಿ ರಾಗಿ, ಕಡಲೆಕಾಯಿ, ಹುರುಳಿ, ಅವರೆ, ತೊಗರಿಗಳೇ ರೈತನ ಆಸರೆ. ಇಲ್ಲಿನ ಮಕ್ಕಳು ಬಾಯಾಡಿಸುತ್ತಿದ್ದ ತಿಂಡಿಗಳೂ ಇದೇ ಬೆಳೆಗಳಿಂದ ಆದವು: ಹುರಿದ ಕಡಲೆಕಾಯಿ, ಅದರ ಜೊತೆಗೆ ಒಂದು ಚೂರು ಬೆಲ್ಲ, ರಾಗಿಯ ಹುರಿಹಿಟ್ಟು, ಹಬ್ಬಕ್ಕೆ ತಂಬಿಟ್ಟು, ಸುಗ್ಗಿಯಲ್ಲಿ ಬೇಯಿಸಿದ ಅವರೆಕಾಯಿ. ಹಿಂದಿನ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ಭಾವಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಂಬಲಿಗೂ ತತ್ವಾರವಾದುದುಂಟು. ಆದರೆ ತಿನ್ನಲು ಸಿಕ್ಕಿದ್ದು ಎಷ್ಟೇ ಇರಲಿ, ಅದರಲ್ಲಿ ಧಾನ್ಯವಿತ್ತು, ಕಾಳಿತ್ತು, ದೇಹಕ್ಕೆ ಬೇಕಾದ ಸತ್ವವಿತ್ತು.

ಇಂದು ಅದೇ ಊರುಗಳ ಬಸ್ ನಿಲ್ದಾಣದಲ್ಲಿ ನಿಂತು ಪೆಟ್ಟಿಗೆ ಅಂಗಡಿಯ ಕಡೆ ಕಣ್ಣುಹಾಯಿಸಿದರೆ, ಬಣ್ಣಬಣ್ಣದ ಪೊಟ್ಟಣಗಳು ತೋರಣ ಕಟ್ಟಿದಂತೆ ತೂಗಾಡುವುದು ಕಾಣುತ್ತದೆ. ಆಲೂಗೆಡ್ಡೆಯ ಚಿಪ್ಸ್, ಜೋಳದ ಹಿಟ್ಟಿನ ಕುರುಕಲು, ಕೆನೆ ತುಂಬಿದ ಬಿಸ್ಕತ್ತು, ಸಕ್ಕರೆಯ ಮಿಠಾಯಿ, ಪಕ್ಕದ ಪೆಟ್ಟಿಗೆಯಲ್ಲಿ ತಣ್ಣಗಿರುವ ಬಣ್ಣದ ಪಾನೀಯ. ಬೆಲೆ ಐದು ರೂಪಾಯಿ, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ಕೆಡುಕು ಇರುವುದು ಕುರುಕುವುದರಲ್ಲಲ್ಲ. ನಿಪ್ಪಟ್ಟು ಚಕ್ಕುಲಿಗಳೂ ಕುರುಕಲೇ. ಈ ಪೊಟ್ಟಣಗಳಲ್ಲಿ ಸಕ್ಕರೆ, ಉಪ್ಪು, ಕೊಬ್ಬುಗಳು ಮಿತಿಮೀರಿ ಇರುವುದು, ನಾರು ಮತ್ತು ಪೌಷ್ಟಿಕಾಂಶಗಳು ಅತ್ಯಲ್ಪವಾಗಿರುವುದು, ಹಬ್ಬಕ್ಕೊಮ್ಮೆ ತಿನ್ನಬೇಕಾದಂಥ ಪದಾರ್ಥವು ದಿನದಿನವೂ ಕೈಗೆ ಎಟುಕುವಂತಿರುವುದು, ಇವೇ ಆತಂಕಕ್ಕೆ ಕಾರಣ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 250 ಮಿಲಿಲೀಟರಿನ ಒಂದು ಬಾಟಲಿ ಕೋಲಾದಲ್ಲಿ ಸಾಮಾನ್ಯವಾಗಿ 25 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ಸಕ್ಕರೆ ಇರುತ್ತದೆ. ಎಂದರೆ ಐದು ಟೀ ಚಮಚಕ್ಕೂ ಮೇಲೆ. ದಿನಕ್ಕೆ 2000 ಕ್ಯಾಲೊರಿಯಷ್ಟು ಆಹಾರ ಸೇವಿಸುವವರು ಹೀಗೆ ಬೆರೆಸಿದ ಸಕ್ಕರೆಯನ್ನು 50 ಗ್ರಾಮಿನೊಳಗೆ, ಸಾಧ್ಯವಾದರೆ 25 ಗ್ರಾಮಿನೊಳಗೆ ಇರಿಸಿಕೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಾಡಿದ ಸೂಚನೆಯ ಸಾರ. ಹಾಗೆಂದ ಮೇಲೆ, ಒಂದೇ ಬಾಟಲಿ ಇಡೀ ದಿನದ ಪಾಲನ್ನು ಮುಗಿಸಿಬಿಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಿಹಿಮೂತ್ರ ರೋಗವಿದೆ. ಒಂದು ಕಾಲಕ್ಕೆ ಇದನ್ನು ಪಟ್ಟಣದ ಸಿರಿವಂತರ ರೋಗವೆಂದು ತಿಳಿಯುತ್ತಿದ್ದರು. ಈಗ ಅದು ಹಳ್ಳಿಯ ಕೂಲಿಕಾರನ ಮನೆಯನ್ನೂ ಹೊಕ್ಕಿದೆ. ಆಹಾರವೊಂದೇ ಇದಕ್ಕೆ ಕಾರಣವಲ್ಲ. ಆದರೆ ಮುಖ್ಯ ಕಾರಣಗಳಲ್ಲಿ ಅದೂ ಒಂದು.

ರೋಗ ಬಂದಾಗ ಅದರ ವೆಚ್ಚವನ್ನು ರೋಗಿಯೊಬ್ಬನೇ ಹೊರುವುದಿಲ್ಲ. ಅವನ ಕುಟುಂಬ ಹೊರುತ್ತದೆ. ಸರ್ಕಾರಿ ಆಸ್ಪತ್ರೆಯ ಮೂಲಕ ಇಡೀ ಸಮಾಜ ಹೊರುತ್ತದೆ. ಆದುದರಿಂದ ರೋಗಕ್ಕೆ ಎಡೆಮಾಡುವ ಪದಾರ್ಥಗಳ ಮಾರಾಟವನ್ನು ಹತೋಟಿಯಲ್ಲಿಡಲು ಸರ್ಕಾರಕ್ಕೆ ಹಕ್ಕೂ ಉಂಟು, ಕರ್ತವ್ಯವೂ ಉಂಟು ಎಂದು ತೆರಿಗೆಯ ಪರವಾಗಿರುವವರು ಹೇಳುತ್ತಾರೆ. ತೆರಿಗೆಗೆ ಎರಡು ಉದ್ದೇಶಗಳಿರಬಹುದು. ಬೊಕ್ಕಸವನ್ನು ತುಂಬುವುದು ಒಂದು. ಜನರ ನಡವಳಿಕೆಯನ್ನು ತಿದ್ದುವುದು ಇನ್ನೊಂದು. ಹೊಗೆಸೊಪ್ಪು, ಮದ್ಯಗಳ ಮೇಲಿನ ಭಾರಿ ತೆರಿಗೆಯಲ್ಲಿ ಈ ಎರಡೂ ಉದ್ದೇಶಗಳು ಬೆರೆತಿವೆ. ವಿಚಿತ್ರವೆಂದರೆ, ತಿದ್ದುವ ಉದ್ದೇಶ ಪೂರ್ತಿಯಾಗಿ ಈಡೇರಿದರೆ ಬೊಕ್ಕಸಕ್ಕೆ ಕಾಸೂ ಬಾರದು. ಬೊಕ್ಕಸ ತುಂಬಿ ತುಳುಕಿದರೆ ಜನ ತಿದ್ದಿಕೊಂಡಿಲ್ಲವೆಂದೇ ಅರ್ಥ.

ಎಲ್ಲ ಪದಾರ್ಥಗಳ ವಿಷಯದಲ್ಲಿಯೂ ತೆರಿಗೆ ಒಂದೇ ಬಗೆಯಾಗಿ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಬ್ರಿಟಿಷರು ಉಪ್ಪಿನ ಮೇಲೆ ತೆರಿಗೆ ಹಾಕಿದ್ದರು. ಉಪ್ಪಿಲ್ಲದೆ ಅನ್ನ ಇಳಿಯದು. ಉಪ್ಪಿಗೆ ಬದಲಾಗಿ ಬಳಸಬಹುದಾದ ಬೇರೆ ಪದಾರ್ಥವೂ ಇಲ್ಲ. ಬೆಲೆ ಎಷ್ಟೇ ಏರಿದರೂ ಬಡವನು ಅದನ್ನು ಕೊಳ್ಳಲೇಬೇಕಾಗಿತ್ತು. ಆ ತೆರಿಗೆಯಿಂದ ಯಾರ ಊಟದ ಕ್ರಮವೂ ಬದಲಾಗಲಿಲ್ಲ. ಬಡವನ ಹೊರೆ ಮಾತ್ರ ಹೆಚ್ಚಿತು. ಆ ಅನ್ಯಾಯದ ವಿರುದ್ಧ 1930ರಲ್ಲಿ ಗಾಂಧೀಜಿ ದಂಡಿಗೆ ನಡೆದರು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿಯೂ ಜನ ಉಪ್ಪು ತೆಗೆದು ಕಾನೂನನ್ನು ಮುರಿದರು. ಇದರಿಂದ ಒಂದು ಸೂತ್ರ ಹೊರಡುತ್ತದೆ: ಬಿಟ್ಟು ಬದುಕಲಾಗದ, ಬದಲಿಯಿಲ್ಲದ ಪದಾರ್ಥದ ಮೇಲಿನ ತೆರಿಗೆ ಜನರನ್ನು ಹಿಂಡುತ್ತದೆ, ತಿದ್ದುವುದಿಲ್ಲ. ಬಿಡಬಹುದಾದ, ಕೈಗೆಟುಕುವ ಬದಲಿಯಿರುವ ಪದಾರ್ಥದ ಮೇಲಿನ ತೆರಿಗೆಯಾದರೆ ಜನರ ಕೈಯನ್ನು ಬೇರೆಡೆಗೆ ತಿರುಗಿಸಬಲ್ಲದು. ಬಣ್ಣದ ಪಾನೀಯ, ಕುರುಕಲು ತಿಂಡಿಗಳು ಈ ಎರಡನೆಯ ಗುಂಪಿಗೆ ಸೇರಿದವು.

ಈ ಸೂತ್ರವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ದೇಶ ಮೆಕ್ಸಿಕೊ. ಸಿಹಿ ಪಾನೀಯಗಳನ್ನು ಅತಿಯಾಗಿ ಕುಡಿಯುವ ಆ ದೇಶದಲ್ಲಿ 2014ರ ಜನವರಿ 1ರಿಂದ ಸಕ್ಕರೆ ಬೆರೆಸಿದ ಪಾನೀಯದ ಪ್ರತಿ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದರು. ಬೆಲೆ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಏರಿತು. ಜೊತೆಗೆ ಹೆಚ್ಚು ಕ್ಯಾಲೊರಿಯುಳ್ಳ ಕುರುಕಲು, ಮಿಠಾಯಿ ಮೊದಲಾದವುಗಳ ಮೇಲೆ ಶೇಕಡಾ 8ರ ತೆರಿಗೆ ಬಂದಿತು. ಸಂಶೋಧಕರು ಸಾವಿರಾರು ಮನೆಗಳ ಖರೀದಿಯ ಲೆಕ್ಕವನ್ನು ಪರಿಶೀಲಿಸಿದಾಗ, ಮೊದಲ ವರ್ಷದಲ್ಲಿ ತೆರಿಗೆಗೆ ಒಳಗಾದ ಪಾನೀಯಗಳ ಖರೀದಿ ಸರಾಸರಿ ಶೇಕಡಾ 6ರಷ್ಟು ಇಳಿದಿದ್ದುದು ಕಂಡುಬಂದಿತು. ಆ ವರ್ಷದ ಡಿಸೆಂಬರ್ ವೇಳೆಗೆ ಇಳಿಕೆ ಶೇಕಡಾ 12ನ್ನು ಮುಟ್ಟಿತ್ತು. ಬಡ ಕುಟುಂಬಗಳಲ್ಲಿ ಶೇಕಡಾ 17ರವರೆಗೆ ಹೋಗಿತ್ತು. ಅದೇ ಅವಧಿಯಲ್ಲಿ ಬಾಟಲಿಯ ನೀರಿನಂಥ ತೆರಿಗೆಯಿಲ್ಲದ ಪಾನೀಯಗಳ ಖರೀದಿ ಏರಿತು. ಕುರುಕಲು ತಿಂಡಿಗಳ ಖರೀದಿಯೂ ಸುಮಾರು ಶೇಕಡಾ 5ರಷ್ಟು ತಗ್ಗಿತು. ಆದರೆ ಅನುಕೂಲಸ್ಥರ ಮನೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ತೆರಿಗೆಗೆ ಪರಿಣಾಮವಿದೆ, ಅದು ಮಿತವಾದುದು, ಬಡವರ ಮೇಲೆ ಹೆಚ್ಚು ಎಂಬುದು ಮೆಕ್ಸಿಕೊ ಕಲಿಸಿದ ಪಾಠ.

ಮೆಕ್ಸಿಕೊದಲ್ಲಿ ತೆರಿಗೆ ದೇಶಕ್ಕೆಲ್ಲ ಒಂದೇ ಆಗಿತ್ತು. ಎಲ್ಲ ಕಡೆಯೂ ಹಾಗಿರುವುದಿಲ್ಲ. ಡೆನ್ಮಾರ್ಕ್ ದೇಶವು 2011ರ ಅಕ್ಟೋಬರಿನಲ್ಲಿ ಬೆಣ್ಣೆ, ಗಿಣ್ಣು, ಮಾಂಸ ಮುಂತಾದವುಗಳಲ್ಲಿರುವ ಗಟ್ಟಿ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಚಿಕ್ಕ ದೇಶ, ಗಡಿ ಹತ್ತಿರ. ಡೇನರು ಜರ್ಮನಿಗೆ ಹೋಗಿ ಅಗ್ಗದ ಸಾಮಾನು ತರುತ್ತಿದ್ದಾರೆ, ನಮ್ಮ ವ್ಯಾಪಾರ ಕೆಡುತ್ತಿದೆ ಎಂದು ಅಲ್ಲಿನ ವರ್ತಕರು ಕೂಗೆಬ್ಬಿಸಿದರು. ಲೆಕ್ಕ ಇಡುವ ಕಷ್ಟವೂ ಸೇರಿಕೊಂಡಿತು. 2013ರ ಆರಂಭದಲ್ಲಿಯೇ ಆ ತೆರಿಗೆಯನ್ನು ತೆಗೆದುಹಾಕಬೇಕಾಯಿತು. ಅಮೆರಿಕದ ಫಿಲಡೆಲ್ಫಿಯಾ ನಗರ 2017ರ ಜನವರಿಯಿಂದ ಸಿಹಿ ಪಾನೀಯಗಳಿಗೆ ತೆರಿಗೆ ಹಾಕಿದಾಗ ನಗರದ ದೊಡ್ಡ ಅಂಗಡಿಗಳಲ್ಲಿ ಅವುಗಳ ಮಾರಾಟ ಅರ್ಧಕ್ಕೆ ಇಳಿಯಿತು. ಆದರೆ ನಗರದ ಎಲ್ಲೆಯಾಚೆಗಿನ ಅಂಗಡಿಗಳಲ್ಲಿ ಮಾರಾಟ ಏರಿತು. ಆ ಏರಿಕೆಯನ್ನು ಕಳೆದರೆ ನಿಜವಾದ ಇಳಿಕೆ ಶೇಕಡಾ 38 ಮಾತ್ರ.

ಎಲ್ಲೆಯಾಚೆಗಿನ ಅಂಗಡಿ ಎಂದರೇನೆಂಬುದನ್ನು ಪಾವಗಡದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆ ತಾಲ್ಲೂಕನ್ನು ಬಹುಪಾಲು ಆಂಧ್ರಪ್ರದೇಶದ ನೆಲವೇ ಸುತ್ತುವರಿದಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿ ಒಂದೇ ಜಿಲ್ಲೆಯ ಎರಡು ಊರುಗಳನ್ನು ಕೂಡಿಸುವುದಾದರೂ ನಡುವೆ ಆಂಧ್ರವನ್ನು ಹೊಕ್ಕು ಹೊರಬರುತ್ತದೆ. ಕರ್ನಾಟಕವೊಂದೇ ಕುರುಕಲಿನ ಮೇಲೆ ಭಾರಿ ತೆರಿಗೆ ಹಾಕಿ ಆಂಧ್ರ ಹಾಕದೆ ಹೋದರೆ, ಗಡಿಯ ಹಳ್ಳಿಗಳಿಗೆ ಪೊಟ್ಟಣಗಳು ಆಚೆಯಿಂದಲೇ ಬಂದಾವು. ತೆರಿಗೆಯ ಬೇಲಿ ಹೊಲದ ಸುತ್ತಲೂ ಇರಬೇಕು. ಒಂದೇ ಮಗ್ಗುಲಿಗಿದ್ದರೆ ದನ ಇನ್ನೊಂದು ಮಗ್ಗುಲಿನಿಂದ ನುಗ್ಗುತ್ತದೆ.

ಕೊಳ್ಳುವವನನ್ನು ತಿದ್ದುವುದಕ್ಕಿಂತ ತಯಾರಿಸುವವನನ್ನು ತಿದ್ದುವುದು ಸುಲಭವೆಂದು ಬಗೆದು ಬೇರೊಂದು ದಾರಿ ಹಿಡಿದ ದೇಶ ಬ್ರಿಟನ್. ಅಲ್ಲಿ 2016ರಲ್ಲಿ ಘೋಷಣೆಯಾಗಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸುಂಕಕ್ಕೆ ಮೆಟ್ಟಿಲುಗಳಿದ್ದವು. 100 ಮಿಲಿಲೀಟರ್ ಪಾನೀಯದಲ್ಲಿ 5 ಗ್ರಾಮಿಗಿಂತ ಕಡಿಮೆ ಸಕ್ಕರೆಯಿದ್ದರೆ ಸುಂಕವಿಲ್ಲ. 5ರಿಂದ 8 ಗ್ರಾಮಿನೊಳಗಿದ್ದರೆ ಲೀಟರಿಗೆ 18 ಪೆನ್ಸ್. 8 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಾದರೆ 24 ಪೆನ್ಸ್. ಘೋಷಣೆಗೂ ಜಾರಿಗೂ ನಡುವೆ ಎರಡು ವರ್ಷಗಳ ಕಾಲಾವಕಾಶವಿತ್ತು. ಆ ಅವಧಿಯಲ್ಲಿ ಬಹುಮಂದಿ ತಯಾರಕರು ಸುಂಕ ಕೊಡುವುದರ ಬದಲು ಸಕ್ಕರೆಯನ್ನೇ ಕಡಿಮೆ ಮಾಡಿದರು. 2015ರಿಂದ 2019ರೊಳಗೆ ಆ ಬಗೆಯ ಪಾನೀಯಗಳಲ್ಲಿನ ಸಕ್ಕರೆಯ ಸರಾಸರಿ ಪ್ರಮಾಣ ಶೇಕಡಾ 40ಕ್ಕೂ ಹೆಚ್ಚು ತಗ್ಗಿತು. ಅಂಗಡಿಗೆ ಬಂದವನು ಎಂದಿನ ಬಾಟಲಿಯನ್ನೇ ಕೊಂಡನು. ಅವನಿಗೆ ತಿಳಿಯದಂತೆಯೇ ಅದರೊಳಗಿನ ಸಕ್ಕರೆ ಇಳಿದಿತ್ತು. ಹತ್ತು ಹನ್ನೊಂದು ವಯಸ್ಸಿನ ಬಾಲಕಿಯರಲ್ಲಿ ಅತಿ ಬೊಜ್ಜಿನ ಪ್ರಮಾಣ ಶೇಕಡಾ 8ರಷ್ಟು ತಗ್ಗಿತೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಬಾಲಕರಲ್ಲಿ ಅಂಥ ಇಳಿಕೆ ಅದಕ್ಕೆ ಕಾಣಲಿಲ್ಲ. ತಿನ್ನುವುದು ಬದಲಾದುದನ್ನು ತೋರಿಸುವುದು ಸುಲಭ. ಅದರಿಂದ ಆರೋಗ್ಯ ಎಷ್ಟು ಸುಧಾರಿಸಿತೆಂದು ತೋರಿಸುವುದಕ್ಕೆ ಬಹಳ ವರ್ಷಗಳು ಬೇಕು.

ಇನ್ನು ನಮ್ಮ ದೇಶದ ಮಾತು. ಈ ಬಗೆಯ ತೆರಿಗೆಯನ್ನು ನೇರವಾಗಿ ಹಾಕಿ ಹೆಸರಾದುದು ನೆರೆಯ ಕೇರಳ. 2016ರ ಜುಲೈ ತಿಂಗಳಿನಲ್ಲಿ ಅಲ್ಲಿನ ಅರ್ಥಮಂತ್ರಿ ಥಾಮಸ್ ಐಸಾಕ್ ಅವರು ಮಂಡಿಸಿದ ಆಯವ್ಯಯದಲ್ಲಿ, ಹೆಸರಾಂತ ಕಂಪನಿಗಳ ಉಪಾಹಾರಗೃಹಗಳಲ್ಲಿ ಮಾರುವ ಬರ್ಗರ್, ಪಿಜ್ಜಾ ಮೊದಲಾದ ತಿನಿಸುಗಳಿಗೆ ಶೇಕಡಾ 14.5ರ ತೆರಿಗೆ ವಿಧಿಸಿದರು. ಜನ ಅದನ್ನು ‘ಕೊಬ್ಬಿನ ತೆರಿಗೆ’ ಎಂದೇ ಕರೆದರು. ಕಾಸರಗೋಡಿನ ನಮ್ಮ ಕನ್ನಡಿಗರೂ ಅದರ ವ್ಯಾಪ್ತಿಗೆ ಬಂದರು. ಆದರೆ ಬೀದಿಬದಿಯಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿಗೆ ಅದು ಅನ್ವಯಿಸಲಿಲ್ಲ. ತಿಂಡಿಯ ಗುಣವನ್ನು ನೋಡದೆ ಅಂಗಡಿಯ ಹೆಸರನ್ನು ನೋಡಿ ಹಾಕಿದ ತೆರಿಗೆ ಎಂಬ ಟೀಕೆ ಬಂದಿತು. 2017ರ ಜುಲೈ 1ರಂದು ದೇಶದಾದ್ಯಂತ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ರಾಜ್ಯವೊಂದು ತನ್ನಷ್ಟಕ್ಕೆ ತಾನೇ ಇಂಥ ತೆರಿಗೆ ಹಾಕುವ ಅವಕಾಶವೇ ತಪ್ಪಿತು. ಒಂದು ವರ್ಷವೂ ತುಂಬದೆ ಆ ಪ್ರಯೋಗ ಮುಗಿಯಿತು.

ಹೊಸ ತೆರಿಗೆಯು ಗಡಿಯ ತೊಡಕನ್ನು ನಿವಾರಿಸಿತು. ಪಾವಗಡದಲ್ಲಿಯೂ ಮಡಕಶಿರಾದಲ್ಲಿಯೂ ಈಗ ದರ ಒಂದೇ. ಸಕ್ಕರೆ ಬೆರೆತ ಗ್ಯಾಸ್ ಪಾನೀಯಗಳಿಗೆ 2017ರಲ್ಲಿಯೇ ಶೇಕಡಾ 28ರ ತೆರಿಗೆ, ಅದರ ಮೇಲೆ ಶೇಕಡಾ 12ರ ಸೆಸ್ ಎಂದು ಒಟ್ಟು 40 ಬಿದ್ದಿತು. 2025ರ ಸೆಪ್ಟೆಂಬರ್ 22ರಂದು ದರಗಳನ್ನು ಮರುಹೊಂದಿಸಿದಾಗ ಸೆಸ್ ಹೋಗಿ, ತೆರಿಗೆಯೇ ಶೇಕಡಾ 40 ಆಯಿತು. ಇಪ್ಪತ್ತು ರೂಪಾಯಿಯ ಬಾಟಲಿಯಲ್ಲಿ 5 ರೂಪಾಯಿ 71 ಪೈಸೆ ತೆರಿಗೆ! ಇದು ಸಣ್ಣ ಮೊತ್ತವಲ್ಲ. ಆದರೆ ಈ ದರ ಸಕ್ಕರೆಯ ಅಳತೆಯನ್ನು ಕೇಳುವುದಿಲ್ಲ. ಹೆಚ್ಚು ಸಕ್ಕರೆಯಿರಲಿ, ಕಡಿಮೆಯಿರಲಿ, ಗ್ಯಾಸ್ ಪಾನೀಯವಾದರೆ ತೆರಿಗೆ ಒಂದೇ. ಹಾಗಿರುವಾಗ ಬ್ರಿಟನ್ನಿನಂತೆ ತಯಾರಕನು ಸಕ್ಕರೆಯನ್ನು ತಗ್ಗಿಸಲು ಕಾರಣವಾದರೂ ಏನು? ಅತ್ತ ಗ್ಯಾಸ್ ಇಲ್ಲದ ಮಾವಿನ ರಸದ ಪಾನೀಯಕ್ಕೆ, ಅದರಲ್ಲಿ ಎಷ್ಟೇ ಸಕ್ಕರೆ ಬೆರೆಸಿದ್ದರೂ, ದರ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದೇ ದಿನ ಬಿಸ್ಕತ್ತು, ಚಾಕೊಲೇಟುಗಳ ದರ 18ರಿಂದ 5ಕ್ಕೂ, ಪೊಟ್ಟಣದ ಖಾರದ ಕುರುಕಲುಗಳ ದರ 12ರಿಂದ 5ಕ್ಕೂ ಇಳಿದವು. ಜನರ ಸಂಸಾರದ ಖರ್ಚು ತಗ್ಗಲಿ ಎಂಬುದು ಆ ಇಳಿಕೆಯ ಉದ್ದೇಶ. ಅದೇ ವರ್ಷದ ಆರಂಭದಲ್ಲಿ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆಯು ಅತಿಯಾಗಿ ಸಂಸ್ಕರಿಸಿದ ತಿನಿಸುಗಳಿಗೆ ಹೆಚ್ಚಿನ ತೆರಿಗೆ ಬೇಕೆಂಬ ವಿಚಾರವನ್ನು ಮುಂದಿಟ್ಟಿತ್ತು ಎಂಬುದನ್ನೂ ನೆನೆಯಬೇಕು. ಖರ್ಚನ್ನು ತಗ್ಗಿಸುವ ಕಾಳಜಿ, ಆರೋಗ್ಯವನ್ನು ಕಾಯುವ ಕಾಳಜಿ ಇವೆರಡೂ ಒಳ್ಳೆಯವೇ. ಒಂದೇ ಪೊಟ್ಟಣದ ಮೇಲೆ ಅವು ಎದುರುಬದುರಾಗುತ್ತವೆ.

ದರ ಇಳಿಯಿತಲ್ಲ, ಅದರ ಫಲ ಪೆಟ್ಟಿಗೆ ಅಂಗಡಿಯ ಮುಂದೆ ನಿಂತ ಬಾಲಕನಿಗೆ ಹೇಗೆ ತಲುಪುತ್ತದೆ? ಇಲ್ಲಿ ಸ್ವಲ್ಪ ಗಣಿತ ಮಾಡಬೇಕು. ಐದು ರೂಪಾಯಿಯ ಕುರುಕಲಿನ ಪೊಟ್ಟಣದಲ್ಲಿ ಶೇಕಡಾ 12ರ ದರದಂತೆ ತೆರಿಗೆಯ ಪಾಲು ಸುಮಾರು 54 ಪೈಸೆ. ಶೇಕಡಾ 5ರ ದರದಂತೆ ಸುಮಾರು 24 ಪೈಸೆ. ಉಳಿತಾಯ 30 ಪೈಸೆ. ನಾಲ್ಕು ರೂಪಾಯಿ ಎಪ್ಪತ್ತು ಪೈಸೆಗೆ ಪೊಟ್ಟಣ ಮಾರಿದರೆ ಚಿಲ್ಲರೆ ಕೊಡುವವರಾರು? ಆದುದರಿಂದ ಐದು, ಹತ್ತು ಎಂಬ ಬೆಲೆಯನ್ನು ಮುಟ್ಟದೆ ಒಳಗಿನ ತೂಕವನ್ನು ಹೊಂದಿಸಿಕೊಳ್ಳುವುದು ತಯಾರಕರ ವಾಡಿಕೆ. ಮೇಲಿನ ಲೆಕ್ಕದಂತೆ, ಉಳಿತಾಯವನ್ನೆಲ್ಲ ಕೊಳ್ಳುವವನಿಗೇ ಬಿಟ್ಟುಕೊಟ್ಟರೆ, 15 ಗ್ರಾಮಿದ್ದ ಪೊಟ್ಟಣ 16 ಗ್ರಾಂ ಆಗುತ್ತದೆ. ನಾಳೆ ತೆರಿಗೆ ಏರಿದರೆ ಅದೇ ಪೊಟ್ಟಣ ಮತ್ತೆ 15 ಗ್ರಾಮಿಗೆ ಇಳಿಯುತ್ತದೆ. ಬಾಲಕನ ಕೈಯಲ್ಲಿದ್ದ ನಾಣ್ಯ ಅದೇ. ಪೊಟ್ಟಣದ ಬಣ್ಣ ಅದೇ. ತುಂಬಿಸಿದ ಗಾಳಿಯಿಂದ ಅದರ ಉಬ್ಬೂ ಅದೇ. ದಿಲ್ಲಿಯಲ್ಲಿ ಆದ ತೀರ್ಮಾನ ಅವನ ಅಂಗೈಗೆ ಬಂದು ಸೇರುವುದು ಒಂದು ಗ್ರಾಮಿನ ರೂಪದಲ್ಲಿ. ಅದು ಅವನ ಕಣ್ಣಿಗೆ ಬೀಳುವುದಿಲ್ಲ.

ಇದೇ ನಾವು ಗಮನಿಸಬೇಕಾದ ಮುಖ್ಯ ಸಂಗತಿ. ತೆರಿಗೆಗೆ ಇರುವುದು ಒಂದೇ ಭಾಷೆ. ಅದು ಬೆಲೆಯ ಭಾಷೆ. ಬೆಲೆ ಎದ್ದು ಕಾಣುವಂತಿದ್ದರೆ ಕೊಳ್ಳುವವನು ಅದರ ಮಾತನ್ನು ಕೇಳುತ್ತಾನೆ. ಬೆಲೆಯೇ ತೂಕದ ಹಿಂದೆ ಅಡಗಿ ಕುಳಿತರೆ ತೆರಿಗೆ ಎಷ್ಟು ಕೂಗಿದರೂ ಅವನಿಗೆ ಕೇಳಿಸದು. ಕುರುಕಲು ಪೊಟ್ಟಣ ಅಗ್ಗವೆಂದು ನಾವು ಭಾವಿಸಿರುವುದೂ ಇದರಿಂದಲೇ. ಹತ್ತು ರೂಪಾಯಿಗೆ 25 ಗ್ರಾಂ ಚಿಪ್ಸ್ ಸಿಕ್ಕಿದರೆ ಒಂದು ಕಿಲೋಗ್ರಾಮಿಗೆ ಅದು 400 ರೂಪಾಯಿ ಆಯಿತು. 2025–26ನೆಯ ಸಾಲಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ರಾಗಿಗೆ ಕ್ವಿಂಟಾಲಿಗೆ 4886 ರೂಪಾಯಿ, ಕಡಲೆಕಾಯಿಗೆ 7263 ರೂಪಾಯಿ. ಎಂದರೆ ಒಂದು ಕಿಲೋ ಚಿಪ್ಸಿಗೆ ತೆರುವ ಹಣದಲ್ಲಿ, ಆ ದರದಂತೆ, ಎಂಟು ಕಿಲೋ ರಾಗಿ ಅಥವಾ ಐದೂವರೆ ಕಿಲೋ ಕಡಲೆಕಾಯಿ ಬಂದೀತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ; 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಶಿರಾ, ಪಾವಗಡಗಳ ರೈತ ಮಳೆಯನ್ನು ನೋಡುತ್ತ ಬೆಳೆದ ಕಾಳನ್ನು ಮಾರಿ, ಸತ್ವಹೀನವಾದ ಪೊಟ್ಟಣವನ್ನು ಅದಕ್ಕಿಂತ ಐದೆಂಟು ಪಟ್ಟು ಬೆಲೆ ಕೊಟ್ಟು ಮಕ್ಕಳಿಗೆ ತರುತ್ತಾನೆ. ತೆರಿಗೆಯಿಲ್ಲದೆಯೇ ಅದು ದುಬಾರಿ. ಸಣ್ಣ ಪೊಟ್ಟಣ ಆ ದುಬಾರಿತನವನ್ನು ಮುಚ್ಚಿಟ್ಟಿದೆ.

ತೆರಿಗೆಯ ವಿರುದ್ಧವಾಗಿ ಹೇಳುವ ಮಾತುಗಳನ್ನೂ ತಳ್ಳಿಹಾಕುವಂತಿಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸಿರಿವಂತನೂ ಕೂಲಿಯವನೂ ಒಂದು ಪೊಟ್ಟಣಕ್ಕೆ ತೆರುವ ತೆರಿಗೆ ಒಂದೇ. ಆದರೆ ಕೂಲಿಯವನ ಗಳಿಕೆಯಲ್ಲಿ ಅದರ ಪಾಲು ದೊಡ್ಡದು. ಹೊತ್ತಾರೆ ಕೂಲಿಗೆ ಹೊರಡುವ ತಾಯಿಗೆ ತಂಬಿಟ್ಟು ಕಟ್ಟಲು ವೇಳೆಯಿಲ್ಲದೆ, ಮಗುವಿನ ಕೈಗೆ ಹತ್ತು ರೂಪಾಯಿ ಇಟ್ಟು ಹೋಗುವುದುಂಟು. ಅವಳನ್ನು ಜರೆಯುವುದು ಸುಲಭ; ಅವಳ ವೇಳೆಯ ಅಭಾವಕ್ಕೆ ಉತ್ತರ ಹುಡುಕುವುದು ಕಷ್ಟ. ಆ ಪೊಟ್ಟಣಗಳನ್ನು ಮಾರಿಯೇ ಸಂಸಾರ ನಡೆಸುವ ಪೆಟ್ಟಿಗೆ ಅಂಗಡಿಯವನೂ ಇದ್ದಾನೆ. ಇದಕ್ಕೆ ತೆರಿಗೆಯ ಪರವಾದಿಗಳು ಕೊಡುವ ಉತ್ತರವೂ ಯೋಚಿಸತಕ್ಕದ್ದೇ: ರೋಗ ಬಂದಾಗ ಹೆಚ್ಚು ನವೆಯುವವನೂ ಬಡವನೇ; ಬೆಲೆ ಏರಿದಾಗ ಮೊದಲು ಬಿಡುವವನೂ ಅವನೇ; ಬಂದ ಹಣವನ್ನು ಬಡವರ ಮಕ್ಕಳ ಊಟಕ್ಕೇ ಮೀಸಲಿಟ್ಟರೆ ಹೊರೆ ಹಗುರವಾಗುತ್ತದೆ. ಹಾಗೆ ಮೀಸಲಿಟ್ಟರೆ ಮಾತ್ರ ಅದು ನ್ಯಾಯವೆನಿಸೀತು. ಬದಲಿಯನ್ನು ಒದಗಿಸದೆ ಬೆಲೆಯನ್ನು ಮಾತ್ರ ಏರಿಸಿದರೆ ಉಪ್ಪಿನ ತೆರಿಗೆಯ ಕಥೆಯೇ ಮರುಕಳಿಸೀತು.

ಬದಲಿ ಎಂದಾಗ ನಮ್ಮ ಶಾಲೆಗಳ ಕಡೆಗೆ ನೋಡಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಹತ್ತನೆಯ ತರಗತಿಯವರೆಗೂ ಇದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂದಿತು. ಅನಂತರ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಸೇರಿದವು. 2024ರ ಫೆಬ್ರವರಿಯಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾಯಿತು. ಇವೆಲ್ಲವೂ ತೆರಿಗೆಗೆ ತಿರುವುಮುರುವಾದ ಉಪಾಯಗಳು: ಕೆಟ್ಟದ್ದನ್ನು ದುಬಾರಿ ಮಾಡುವ ಬದಲು ಒಳ್ಳೆಯದನ್ನು ಉಚಿತವಾಗಿ ಕೈಗೆ ಕೊಡುವುದು. ಹೊಟ್ಟೆ ತುಂಬಿದ ಮಗು ಪೊಟ್ಟಣದ ಮುಂದೆ ಅಷ್ಟಾಗಿ ಸೋಲುವುದಿಲ್ಲ. ಮೂರನೆಯ ಉಪಾಯವೊಂದೂ ಇದೆ. ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಶಾಲೆಯ ಗೇಟಿನಿಂದ 50 ಮೀಟರ್ ದೂರದೊಳಗೆ ಮಕ್ಕಳಿಗೆ ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿತು. ನಿಯಮವೇನೋ ಸರಿ; ಅದರ ಐವತ್ತು ಮೀಟರನ್ನು ಅಳೆಯಬೇಕಾದವರು ಊರಿನವರೇ.

ಆದರೂ ಬೆಲೆ, ಬದಲಿ, ನಿಯಮ ಎಲ್ಲವೂ ಸೇರಿದರೂ ಉಳಿಯುವ ಇನ್ನೊಂದು ಅಂಶವಿದೆ. ಮನುಷ್ಯನು ಹಸಿವಿಗೆ ಮಾತ್ರ ತಿನ್ನುವುದಿಲ್ಲ, ಮರ್ಯಾದೆಗೂ ತಿನ್ನುತ್ತಾನೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ರಾಗಿಯೂ ಹೆಚ್ಚುಕಡಿಮೆಯ ವಾದಕ್ಕಿಳಿಯುತ್ತವೆ, ಕೊನೆಗೆ ಬಡವರ ಧಾನ್ಯಕ್ಕೇ ರಾಮನ ಮನ್ನಣೆ ದೊರೆಯುತ್ತದೆ. ಧಾನ್ಯಗಳಿಗೂ ಅಂತಸ್ತನ್ನು ಕಲ್ಪಿಸುವ ನಮ್ಮ ಗುಣ ಅಷ್ಟು ಹಳೆಯದು. ಬಹುಕಾಲ ರಾಗಿಯ ಹಿಟ್ಟುಣ್ಣುವುದು ಬಡತನದ ಗುರುತೆನಿಸಿತ್ತು. ನೆಂಟರು ಬಂದರೆ ಅನ್ನ ಮಾಡುವುದು ಗೌರವವೆನಿಸಿತ್ತು. ಈಗ ಅದೇ ರಾಗಿ ಬೆಂಗಳೂರಿನ ಅಂಗಡಿಗಳಲ್ಲಿ ಬಿಸ್ಕತ್ತಾಗಿ, ಶಾವಿಗೆಯಾಗಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಗಿ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು. ಪೊಟ್ಟಣದ ತಿಂಡಿಯ ಆಕರ್ಷಣೆಯಲ್ಲಿಯೂ ರುಚಿಯ ಜೊತೆಗೆ ಇಂಥದೇ ಅಂತಸ್ತಿನ ಪಾಲಿದೆ. ಬುತ್ತಿಯಲ್ಲಿ ಹುರಿದ ಕಡಲೆಕಾಯಿ ತಂದ ಸಹಪಾಠಿಯನ್ನು ನೋಡಿ ನಗುವ ತನಕ ಯಾವ ತೆರಿಗೆಯೂ ಆ ಆಕರ್ಷಣೆಯನ್ನು ತಗ್ಗಿಸಲಾರದು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ತೆರಿಗೆಯಿಂದ ಜನರ ತಿನ್ನುವ ರೂಢಿ ಬದಲಾಗುತ್ತದೆಯೆ ಎಂದರೆ, ಸ್ವಲ್ಪ ಮಟ್ಟಿಗೆ ಬದಲಾಗುತ್ತದೆ ಎಂದೇ ಹೇಳಬೇಕು. ಅದಕ್ಕೆ ಮೆಕ್ಸಿಕೊ, ಬ್ರಿಟನ್‌ಗಳ ಲೆಕ್ಕಗಳು ಸಾಕ್ಷಿ. ಆದರೆ ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಬೇಕು; ಗಡಿಯಿಂದ ಗಡಿಗೆ ಒಂದೇ ಆಗಿರಬೇಕು; ಸಕ್ಕರೆ, ಉಪ್ಪು, ಕೊಬ್ಬುಗಳ ಅಳತೆಯನ್ನು ನೋಡಿ ಏರಬೇಕು, ಇಳಿಯಬೇಕು; ಬಂದ ಹಣ ಒಳ್ಳೆಯ ಆಹಾರವನ್ನು ಬಡವನ ಹತ್ತಿರಕ್ಕೆ ತರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ತೆರಿಗೆ ಬೊಕ್ಕಸದ ಲೆಕ್ಕವಾಗಿ ಉಳಿಯುತ್ತದೆ. ಈ ಷರತ್ತುಗಳನ್ನು ಈಡೇರಿಸುವುದು ಶಾಸನ ಮಾಡುವವರ ಕೆಲಸ. ಇನ್ನು ಕೆಲವು ವರ್ಷಗಳಲ್ಲಿ ಮತ ಹಾಕಲಿರುವ ನಿಮ್ಮದೂ ಹೌದು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಯಾವ ಶಾಸನವೂ ಬೇಕಾಗಿಲ್ಲ. ಪ್ರತಿ ಪೊಟ್ಟಣದ ಹಿಂಭಾಗದಲ್ಲಿ ಬೆಲೆಯನ್ನೂ ತೂಕವನ್ನೂ ಅದರಲ್ಲಿರುವ ಪದಾರ್ಥಗಳನ್ನೂ ಸಣ್ಣ ಅಕ್ಷರಗಳಲ್ಲಿ ಅಚ್ಚುಹಾಕಿರುತ್ತಾರೆ. ಬೆಲೆಯನ್ನು ತೂಕದಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಒಂದು ಕಿಲೋಗ್ರಾಮಿನ ಬೆಲೆ ಸಿಗುತ್ತದೆ. ಐದನೆಯ ತರಗತಿಯ ಗಣಿತ ಅದಕ್ಕೆ ಸಾಕು. ಆ ಸಂಖ್ಯೆಯನ್ನು ಊರ ಸಂತೆಯ ಕಡಲೆಕಾಯಿಯ ದರದ ಪಕ್ಕದಲ್ಲಿ ಬರೆದು ನೋಡಿರಿ. ಪೊಟ್ಟಣ ಮುಚ್ಚಿಟ್ಟಿರುವ ಬೆಲೆ ಆಗ ಎದ್ದು ಕಾಣುತ್ತದೆ. ಅದನ್ನು ಕಂಡ ಮೇಲೂ ಕೊಳ್ಳುವುದಾದರೆ ಕೊಳ್ಳಬಹುದು. ಅದು ತಿಳಿದು ಮಾಡಿದ ಆಯ್ಕೆಯಾಗುತ್ತದೆ. ಊಟ ಬಲ್ಲವನೆಂದರೆ ಇಂದಿನ ಕಾಲದಲ್ಲಿ ಈ ಲೆಕ್ಕವನ್ನೂ ಬಲ್ಲವನು.